ರುಡಾಲ್ಫ್ ಡೀಸೆಲ್ ಮತ್ತು ನಮ್ಮ ಶೆಡ್ಡಿನ ಲಾರಿ ಎಂಜಿನ್

(ಲೇಖಕರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್)

ಡೀಸೆಲ್ ಎಂಬ ಮಾತು ನಮ್ಮ ಮಲೆನಾಡಿನ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಕಾಫಿ ಹೂವಿಗೆ ನೀರು ಹೊಡೆಯುವ ಸ್ಪ್ರಿಂಕ್ಲರ್ ಪಂಪಿಗೆ ಡೀಸೆಲ್, ಕರೆಂಟು ಹೋದರೆ ಪಲ್ಪರಿಗೆ ಡೀಸೆಲ್, ಚಾರ್ಮಾಡಿ ಘಾಟಿ ಹತ್ತುವ ಲಾರಿಗೆ ಡೀಸೆಲ್, ಕಳಸ ಹೊರನಾಡಿನ ಬಸ್ಸಿಗೆ ಡೀಸೆಲ್. ಅದು ಎಣ್ಣೆಯ ಹೆಸರಾಗುವ ಮೊದಲು ಒಬ್ಬ ಮನುಷ್ಯನ ಮನೆತನದ ಹೆಸರಾಗಿತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ಹೊಳೆಯುವುದಿಲ್ಲ.

ನನ್ನ ಉದ್ಯೋಗ ಕೈಗೆ ಗ್ರೀಸು ಅಂಟದ ಉದ್ಯೋಗ. ಆದರೆ ಮೂಡಿಗೆರೆ ತಾಲ್ಲೂಕಿನ ನಮ್ಮ ಸೋದರಮಾವನ ತೋಟದಲ್ಲಿ ಹಳೆಯ ಲಾರಿ ಎಂಜಿನ್ನೊಂದನ್ನು ಶೆಡ್ಡಿನಲ್ಲೇ ಬಿಚ್ಚಿ, ಹೊಸದಾಗಿ ಕಟ್ಟಿ, ಅದಕ್ಕೆ ಟರ್ಬೊ ಕೂರಿಸುವ ಕೆಲಸದಲ್ಲಿ ರಜೆಗಳಲ್ಲಿ ಜೊತೆಗಿದ್ದೆ. ಅದೇ ದಿನಗಳಲ್ಲಿ ರುಡಾಲ್ಫ್ ಡೀಸೆಲ್‌ನ ಜೀವನವನ್ನೂ ಓದಿದೆ. ಹಗಲು ಬಿಚ್ಚಿದ ಭಾಗ ರಾತ್ರಿ ಪುಸ್ತಕದಲ್ಲಿ ಎದುರಾಗುತ್ತಿತ್ತು. ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಲೇಖನ ಕೇಳಿದಾಗ, ಈಗ ಅದೇ ಬೆಂಚುಗಳಲ್ಲಿ ಕುಳಿತಿರುವ ತಮ್ಮ ತಂಗಿಯರಿಗೆ ಈ ಮನುಷ್ಯನ ಕಥೆಯನ್ನೇ ಹೇಳೋಣ ಎನಿಸಿತು.

ಬಡತನದ ಬಾಲ್ಯ

ರುಡಾಲ್ಫ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯಾ ಪ್ರಾಂತ್ಯದವರು. ತಂದೆ ಥಿಯೋಡೋರ್ ಮೂಲತಃ ಪುಸ್ತಕ ಕಟ್ಟುವವನು. ಪ್ಯಾರಿಸ್ಸಿನಲ್ಲಿ ತೊಗಲಿನ ಸಾಮಾನು ಮಾಡುವ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದ. ತಯಾರಾದ ಸಾಮಾನನ್ನು ಕೈಗಾಡಿಯಲ್ಲಿಟ್ಟು ಗಿರಾಕಿಗಳಿಗೆ ತಲುಪಿಸುವುದು ಹುಡುಗನ ಕೆಲಸ. ಬಿಡುವು ಸಿಕ್ಕರೆ ಅವನು ಹೋಗುತ್ತಿದ್ದದ್ದು ಹತ್ತಿರದ ಯಂತ್ರಗಳ ಸಂಗ್ರಹಾಲಯಕ್ಕೆ. ಅಲ್ಲಿ ನಿಂತಿದ್ದ ಹಳೆಯ ಉಗಿಬಂಡಿ ಮೊದಲಾದ ಯಂತ್ರಗಳನ್ನು ನೋಡಿ ಚಿತ್ರ ಬಿಡಿಸುತ್ತಿದ್ದ.

1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹತ್ತಿತು. ಜರ್ಮನ್ ಮೂಲದ ಕುಟುಂಬಗಳು ಪ್ಯಾರಿಸ್ ಬಿಡಬೇಕಾಯಿತು. ಡೀಸೆಲ್ ಕುಟುಂಬ ಲಂಡನ್ನಿಗೆ ಓಡಿತು. ಅಲ್ಲಿ ಹೊಟ್ಟೆಗೆ ಕಷ್ಟವಾದಾಗ ಹನ್ನೆರಡು ವರ್ಷದ ರುಡಾಲ್ಫ್‌ನನ್ನು ಒಬ್ಬನನ್ನೇ ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದ ಬಂಧುಗಳ ಮನೆಗೆ ಕಳಿಸಿದರು. ಆ ಮನೆಯ ಯಜಮಾನ ಕ್ರಿಸ್ಟೋಫ್ ಬಾರ್ನಿಕೆಲ್ ಗಣಿತದ ಮೇಷ್ಟ್ರು. ಆತನ ಆಸರೆಯಲ್ಲಿ ಓದಿದ ಹುಡುಗ ತರಗತಿಗೆ ಮೊದಲಿಗನಾದ. ಹದಿನಾಲ್ಕನೆಯ ವಯಸ್ಸಿಗೆ ತಾನು ಎಂಜಿನಿಯರ್ ಆಗುವುದೆಂದು ನಿಶ್ಚಯಿಸಿ ತಂದೆ ತಾಯಿಗೆ ಕಾಗದ ಬರೆದ. ಬೇಗ ದುಡಿದು ಮನೆಗೆ ನೆರವಾಗಲಿ ಎಂಬುದು ಅವರ ಆಸೆ. 1875ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಆತ ಮ್ಯೂನಿಕ್‌ನ ತಾಂತ್ರಿಕ ಕಾಲೇಜು ಸೇರಲು ಸಾಧ್ಯವಾಯಿತು. ಮನೆಯ ಕಷ್ಟ, ಊರು ಬಿಟ್ಟು ಬಂಧುಗಳ ಮನೆಯಲ್ಲಿ ಓದು, ವಿದ್ಯಾರ್ಥಿವೇತನದ ಮೇಲೆ ನಿಂತ ಭವಿಷ್ಯ: ನಮ್ಮ ಶಾಲೆಯ ಅನೇಕರಿಗೆ ಈ ದಾರಿ ಪರಿಚಿತ.

ಪಾಠದಲ್ಲಿ ಸಿಕ್ಕ ಪ್ರಶ್ನೆ

ಮ್ಯೂನಿಕ್‌ನಲ್ಲಿ ರುಡಾಲ್ಫ್‌ಗೆ ಉಷ್ಣಶಾಸ್ತ್ರ ಕಲಿಸಿದವರು ಕಾರ್ಲ್ ಫಾನ್ ಲಿಂಡೆ, ಶೀತಲಯಂತ್ರಗಳಿಗೆ ಹೆಸರಾದ ವಿಜ್ಞಾನಿ. ಒಳ್ಳೆಯ ಉಗಿಯಂತ್ರ ಕೂಡ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಆರರಿಂದ ಹತ್ತು ಪಾಲನ್ನು ಮಾತ್ರ ಕೆಲಸಕ್ಕೆ ಇಳಿಸುತ್ತದೆ ಎಂಬುದನ್ನು ಅವರು ಪಾಠದಲ್ಲಿ ವಿವರಿಸಿದರು. ಉಳಿದ ತೊಂಬತ್ತು ಪಾಲು ವ್ಯರ್ಥ. ಫ್ರಾನ್ಸಿನ ಕಾರ್ನೊ ಎಂಬ ವಿಜ್ಞಾನಿ ತೋರಿಸಿದ ಆದರ್ಶ ಯಂತ್ರವಾದರೋ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೆಲಸ ಕೊಡಬೇಕು. ಈ ಎರಡರ ನಡುವಿನ ಅಂತರವನ್ನು ತುಂಬಲು ಆದೀತೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿ ರುಡಾಲ್ಫ್ ತನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಗುರುತು ಹಾಕಿಕೊಂಡ. ಅವನ ಮುಂದಿನ ಬದುಕೆಲ್ಲ ಆ ಗುರುತಿನ ಸುತ್ತ ನಡೆಯಿತು.

1879ರಲ್ಲಿ ವಿಷಮಶೀತ ಜ್ವರ ಬಂದು ಕೊನೆಯ ಪರೀಕ್ಷೆ ತಪ್ಪಿತು. ಮುಂದಿನ ಪರೀಕ್ಷೆ ಬರುವವರೆಗೆ ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್ ಪಟ್ಟಣದ ಸುಲ್ಝರ್ ಕಾರ್ಖಾನೆಯಲ್ಲಿ ಕೈಕೆಲಸ ಕಲಿತ. ಈ ಪಟ್ಟಣದ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. 1880ರಲ್ಲಿ ಅತ್ಯುತ್ತಮ ಅಂಕಗಳೊಡನೆ ಪದವಿ ಪಡೆದು, ಪ್ಯಾರಿಸ್ಸಿಗೆ ಮರಳಿ ಲಿಂಡೆಯವರ ಮಂಜುಗಡ್ಡೆ ಕಾರ್ಖಾನೆ ಸೇರಿದ. 1883ರಲ್ಲಿ ಮಾರ್ಥಾ ಫ್ಲಾಶೆಯನ್ನು ಮದುವೆಯಾದ, ಮೂವರು ಮಕ್ಕಳಾದರು. ಹಗಲು ಮಂಜುಗಡ್ಡೆಯ ಕೆಲಸ, ಉಳಿದ ಹೊತ್ತು ಎಂಜಿನ್ನಿನ ಚಿಂತೆ. ಉಗಿಯ ಬದಲು ಅಮೋನಿಯಾ ಆವಿಯಿಂದ ನಡೆಯುವ ಯಂತ್ರಕ್ಕಾಗಿ ವರ್ಷಗಟ್ಟಲೆ ದುಡಿದು, ಕೊನೆಗೆ ಕೈಬಿಟ್ಟ.

ಸೈಕಲ್ ಪಂಪಿನ ಬಿಸಿ

ಆಮೇಲೆ ಹೊಳೆದದ್ದು ಬಹಳ ಸರಳವಾದ ಸಂಗತಿ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ನಾವೆಲ್ಲ ಮುಟ್ಟಿ ನೋಡಿದ್ದೇವೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸಿಲಿಂಡರಿನೊಳಗೆ ಬರಿಯ ಗಾಳಿಯನ್ನು ಬಹಳ ಬಿಗಿಯಾಗಿ ಒತ್ತಿದರೆ, ಅದರೊಳಗೆ ಚಿಮ್ಮಿಸಿದ ಎಣ್ಣೆ ಕಿಡಿಯ ಹಂಗಿಲ್ಲದೆ ತಾನಾಗಿ ಹೊತ್ತಿಕೊಳ್ಳಬೇಕು. ಒತ್ತುವಿಕೆ ಹೆಚ್ಚಿದಷ್ಟೂ ಎಣ್ಣೆಯಿಂದ ಸಿಗುವ ಕೆಲಸವೂ ಹೆಚ್ಚಬೇಕು. 1892ರ ಫೆಬ್ರವರಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, ಮರುವರ್ಷ ತನ್ನ ಸಿದ್ಧಾಂತವನ್ನು ಪುಸ್ತಕವಾಗಿ ಪ್ರಕಟಿಸಿದ. ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯೂ ಕ್ರುಪ್ ಸಂಸ್ಥೆಯೂ ಪ್ರಯೋಗಕ್ಕೆ ಹಣ ಕೊಡಲು ಒಪ್ಪಿದವು.

ಕಾಗದದ ಮೇಲಿನ ಲೆಕ್ಕ ಬೇರೆ, ಕಬ್ಬಿಣ ಬೇರೆ. ಆತ ಮೊದಲು ಕಲ್ಪಿಸಿದ್ದ ಒತ್ತಡವನ್ನು ತಾಳುವ ಯಂತ್ರವನ್ನು ಕಟ್ಟಲಾಗದೆ ಬಹಳ ಕೆಳಗಿಳಿಯಬೇಕಾಯಿತು. 1893ರ ಆಗಸ್ಟ್ 10ರಂದು ಮೊದಲ ಸಲ ಇಂಧನ ಚಿಮ್ಮಿಸಿದಾಗ, ಒತ್ತಡ ಅಳೆಯುವ ಉಪಕರಣವೇ ಸಿಡಿದು ಚೂರಾಯಿತು. ಪ್ರಾಣಾಪಾಯ ಸ್ವಲ್ಪದರಲ್ಲಿ ತಪ್ಪಿತು. ಯಂತ್ರ ಓಡಲಿಲ್ಲವಾದರೂ ಒಂದು ಮಾತು ಸಿದ್ಧವಾಯಿತು: ಕಿಡಿಯಿಲ್ಲದೆ ಎಣ್ಣೆ ಹೊತ್ತಿಕೊಂಡಿತ್ತು. 1894ರ ಫೆಬ್ರವರಿ 17ರಂದು ಎಂಜಿನ್ ಸ್ವಂತ ಬಲದ ಮೇಲೆ ಸುಮಾರು ಒಂದು ನಿಮಿಷ ತಿರುಗಿತು. ಅದಾಗಿ ಮೂರು ವರ್ಷಕ್ಕೆ, 1897ರ ಫೆಬ್ರವರಿಯಲ್ಲಿ, ಪ್ರೊಫೆಸರ್ ಮೊರಿಟ್ಜ್ ಶ್ರೋಟರ್ ಅಧಿಕೃತವಾಗಿ ಪರೀಕ್ಷೆ ಮಾಡಿದರು. ಇಂಧನದ ಶಾಖದಲ್ಲಿ ನೂರಕ್ಕೆ 26.2 ಪಾಲು ಕೆಲಸವಾಗಿ ಹೊರಬಂದಿತ್ತು. ಉಗಿಯಂತ್ರದ ಎದುರು ಇದು ಎರಡು ಮೂರು ಪಟ್ಟು. ಮೂರು ಮೀಟರ್ ಎತ್ತರದ, ನಾಲ್ಕೂವರೆ ಟನ್ ತೂಕದ ಆ ಒಂಟಿ ಸಿಲಿಂಡರಿನ ಎಂಜಿನ್ನು ಕೊಡುತ್ತಿದ್ದದ್ದು ಸುಮಾರು 18 ಅಶ್ವಶಕ್ತಿ. ಇಂದು ಲಾರಿಯ ಅರ್ಧ ಟನ್ನಿನ ಎಂಜಿನ್ನು ನೂರಕ್ಕೂ ಹೆಚ್ಚು ಅಶ್ವಶಕ್ತಿ ಕೊಡುತ್ತದೆ.

ಇದೇ ದಿನಗಳಲ್ಲಿ ನಡೆದ ಇನ್ನೊಂದು ಪ್ರಯೋಗ ನಮ್ಮ ಕಥೆಗೆ ಬಹಳ ಮುಖ್ಯ. ಎಂಜಿನ್ ತಾನಾಗಿ ಎಳೆದುಕೊಳ್ಳುವ ಗಾಳಿಗಿಂತ ಹೆಚ್ಚಿನ ಗಾಳಿಯನ್ನು ಮೊದಲೇ ಒತ್ತಿ ಸಿಲಿಂಡರಿಗೆ ತುಂಬಿದರೆ ಏನಾದೀತು ಎಂದು ರುಡಾಲ್ಫ್ 1896ರ ಸುಮಾರಿಗೆ ಪರೀಕ್ಷಿಸಿದ. ಎಂಜಿನ್ನಿನ ಬಲ ಹೆಚ್ಚಿತು. ಆದರೆ ಗಾಳಿ ಒತ್ತುವ ಕೆಲಸಕ್ಕೂ ಎಂಜಿನ್ನೇ ಶಕ್ತಿ ಕೊಡಬೇಕಿದ್ದರಿಂದ ಇಂಧನ ಹೆಚ್ಚು ಉರಿಯಿತು, ದಕ್ಷತೆ ಕುಸಿಯಿತು. ವ್ಯರ್ಥವನ್ನು ತಡೆಯುವುದೇ ಗುರಿಯಾಗಿದ್ದ ಮನುಷ್ಯ ಆ ದಾರಿಯನ್ನು ಅಲ್ಲಿಗೇ ಬಿಟ್ಟ.

ಹಣ ಮತ್ತು ಕಡಲು

ಮುಂದಿನ ವರ್ಷಗಳಲ್ಲಿ ಹಣ ಹೊಳೆಯಾಗಿ ಬಂತು. ಅಮೆರಿಕದ ಹಕ್ಕನ್ನು ಅಡಾಲ್ಫಸ್ ಬುಷ್ ಕೊಂಡ. 1898ರಲ್ಲಿ ಹಕ್ಕುಗಳನ್ನೆಲ್ಲ ವಹಿಸಿಕೊಂಡ ಹೊಸ ಕಂಪನಿ 35 ಲಕ್ಷ ಮಾರ್ಕಿನ ಬೆಲೆ ಕಟ್ಟಿತು. ಕೈಗಾಡಿ ತಳ್ಳಿದ ಹುಡುಗ ಮ್ಯೂನಿಕ್‌ನಲ್ಲಿ ದೊಡ್ಡ ಬಂಗಲೆ ಕಟ್ಟಿಸಿದ. ಆದರೆ ಮಾರುಕಟ್ಟೆಗೆ ಹೋದ ಮೊದಲ ಎಂಜಿನ್ನುಗಳು ಇನ್ನೂ ಪಕ್ವವಾಗಿರಲಿಲ್ಲ. ಕೆಟ್ಟು ನಿಂತು ಗಿರಾಕಿಗಳಿಂದ ವಾಪಸು ಬಂದವು. ಪೇಟೆಂಟಿನಲ್ಲಿ ಹೇಳಿದ್ದು ಒಂದು, ಕಟ್ಟಿದ್ದು ಇನ್ನೊಂದು ಎಂದು ವಿರೋಧಿಗಳು ಬರೆದರು. ಕೋರ್ಟು ಕಚೇರಿ ಸುತ್ತುವಂತಾಯಿತು. ವಿಪರೀತ ದುಡಿಮೆಯಿಂದ ಮನಸ್ಸು ದೇಹ ಎರಡೂ ಸೋತು ಆರೋಗ್ಯಧಾಮ ಸೇರಬೇಕಾಯಿತು. ಎಣ್ಣೆ ಬಾವಿಗಳಲ್ಲೂ ನಿವೇಶನಗಳಲ್ಲೂ ಹಾಕಿದ ಹಣ ಮುಳುಗಿತು. ಕಾರ್ಮಿಕರೇ ಒಡೆಯರಾಗುವ ಕಾರ್ಖಾನೆಗಳ ಬಗ್ಗೆ 1903ರಲ್ಲಿ ಒಂದು ಪುಸ್ತಕ ಬರೆದ, ಓದಿದವರು ಕಡಿಮೆ.

ಯಂತ್ರ ಮಾತ್ರ ಮುಂದೆ ಹೋಗುತ್ತಲೇ ಇತ್ತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತು. ಹೊಂಗೆ ಎಣ್ಣೆಯಿಂದ ಪಂಪು ನಡೆಸುವ ನಮ್ಮ ನಾಡಿನ ಪ್ರಯೋಗಗಳಿಗೆ ಅದು ಹಿರಿಯಣ್ಣ. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಹಡಗು ಡೀಸೆಲ್ ಎಂಜಿನ್ನುಗಳ ಬಲದಿಂದ ಸಾಗರ ದಾಟಿತು. ಲೋಕವೆಲ್ಲ ಆತನ ಹೆಸರು ಹೇಳುತ್ತಿದ್ದಾಗ ಮನೆಯಲ್ಲಿ ಸಾಲ ಬೆಳೆಯುತ್ತಿತ್ತು.

1913ರ ಸೆಪ್ಟೆಂಬರ್ 29ರ ಸಂಜೆ ರುಡಾಲ್ಫ್ ಬೆಲ್ಜಿಯಮ್ಮಿನ ಆಂಟ್‌ವರ್ಪ್‌ನಲ್ಲಿ ಡ್ರೆಸ್‌ಡನ್ ಎಂಬ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟ. ಜೊತೆಯವರೊಂದಿಗೆ ಊಟ ಮುಗಿಸಿ, ಬೆಳಿಗ್ಗೆ ಎಬ್ಬಿಸಲು ತಿಳಿಸಿ, ರಾತ್ರಿ ಹತ್ತರ ಸುಮಾರಿಗೆ ತನ್ನ ಕೋಣೆಗೆ ಹೋದ. ಬೆಳಿಗ್ಗೆ ಕೋಣೆ ಖಾಲಿ. ಹಾಸಿಗೆಯಲ್ಲಿ ಮಲಗಿದ ಗುರುತಿಲ್ಲ. ಟೋಪಿಯೂ ಕೋಟೂ ಹಡಗಿನ ಅಟ್ಟದ ಮೇಲೆ ಸಿಕ್ಕವು. ಸುಮಾರು ಹತ್ತು ದಿನಗಳ ಮೇಲೆ ಡಚ್ ದೋಣಿಯೊಂದಕ್ಕೆ ಕಡಲಿನಲ್ಲಿ ಒಂದು ಶವ ಕಾಣಿಸಿತು. ನಾವಿಕರು ಜೇಬಿನ ವಸ್ತುಗಳನ್ನು ತೆಗೆದುಕೊಂಡು ಶವವನ್ನು ಕಡಲಿಗೇ ಬಿಟ್ಟರು. ಮಗ ಯೂಜೆನ್ ಆ ವಸ್ತುಗಳನ್ನು ಗುರುತಿಸಿದ. ಕೊಲೆಯೆಂದು ಹೇಳುವವರು ಇಂದಿಗೂ ಇದ್ದಾರೆ. ಆದರೆ ಬ್ಯಾಂಕಿನ ಖಾತೆಗಳು ಬರಿದಾಗಿದ್ದವು, ದಿನಚರಿಯ ಆ ದಿನದ ಪುಟದಲ್ಲಿ ಒಂದು ಶಿಲುಬೆಯ ಗುರುತಿತ್ತು. ಆಗ ಆತನ ವಯಸ್ಸು ಐವತ್ತೈದು.

ವಿಂಟರ್‌ಟೂರಿನ ಇನ್ನೊಬ್ಬ

ರುಡಾಲ್ಫ್ ಸುಲ್ಝರ್ ಕಾರ್ಖಾನೆಯಲ್ಲಿ ಕೈಕೆಲಸ ಕಲಿತ 1879ರಲ್ಲೇ ಅದೇ ವಿಂಟರ್‌ಟೂರ್ ಪಟ್ಟಣದಲ್ಲಿ, ಅದೇ ಕಾರ್ಖಾನೆಯ ಅಧಿಕಾರಿಯೊಬ್ಬನ ಮನೆಯಲ್ಲಿ, ಆಲ್ಫ್ರೆಡ್ ಬ್ಯೂಖಿ ಹುಟ್ಟಿದ. ಎಂಜಿನ್ನಿನ ಹೊಗೆಕೊಳವೆಯಿಂದ ಬಿಸಿ ಅನಿಲ ಸುಮ್ಮನೆ ಹೊರಹೋಗುವುದು ಅವನ ಕಣ್ಣಿಗೆ ಬಿತ್ತು. ಎಣ್ಣೆಯ ಶಾಖದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಆ ಕೊಳವೆಯಲ್ಲೇ ಹೋಗುತ್ತದೆ. ಆ ಅನಿಲದ ದಾರಿಗೆ ಒಂದು ಗಾಳಿಚಕ್ರ, ಅದೇ ದಂಡದ ಇನ್ನೊಂದು ತುದಿಗೆ ಗಾಳಿ ಒತ್ತುವ ಚಕ್ರ. ಹೊಗೆಯೇ ತಿರುಗಿಸಿದ ಚಕ್ರ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುತ್ತದೆ. 1905ರಲ್ಲಿ ಬ್ಯೂಖಿ ಇದಕ್ಕೆ ಪೇಟೆಂಟ್ ಪಡೆದ. ಕಾರ್ಯರೂಪಕ್ಕೆ ಬರಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. 1925ರಲ್ಲಿ ಅವನ ಟರ್ಬೊ ಎಂಜಿನ್ನಿನ ಬಲವನ್ನು ನೂರಕ್ಕೆ ನಲವತ್ತರಷ್ಟು ಏರಿಸಿ ತೋರಿಸಿತು.

ರುಡಾಲ್ಫ್ ಬಿಟ್ಟ ದಾರಿ ಇದೇ. ಅವನ ಪ್ರಯೋಗದಲ್ಲಿ ಗಾಳಿ ಒತ್ತಲು ಎಂಜಿನ್ನಿನ ದುಡಿಮೆಯನ್ನೇ ಕೊಡಬೇಕಿತ್ತು. ಬ್ಯೂಖಿ ಹೇಗೂ ಎಸೆಯುತ್ತಿದ್ದ ಹೊಗೆಯಿಂದ ಆ ಕೆಲಸ ಮಾಡಿಸಿದ. ವ್ಯರ್ಥದ ಬೆನ್ನು ಹತ್ತಿದ್ದವನ ಯಂತ್ರದಲ್ಲೇ ಉಳಿದಿದ್ದ ವ್ಯರ್ಥವನ್ನು ಇನ್ನೊಬ್ಬ ಹಿಡಿದ. ಅದನ್ನು ನೋಡಲು ರುಡಾಲ್ಫ್ ಇರಲಿಲ್ಲ.

ಲಾರಿಯ ಕಥೆಯೂ ಹೀಗೆಯೇ. ರುಡಾಲ್ಫ್‌ನ ಎಂಜಿನ್ನಿಗೆ ಎಣ್ಣೆ ಚಿಮ್ಮಿಸಲು ದೊಡ್ಡ ಗಾಳಿ ಕಂಪ್ರೆಸರ್ ಬೇಕಿತ್ತು. ಅದನ್ನು ಹೊತ್ತು ಲಾರಿ ಓಡಲಾರದು. 1920ರ ದಶಕದಲ್ಲಿ ಜರ್ಮನಿಯ ಕಾರ್ಖಾನೆಗಳು ಡೀಸೆಲ್ ಲಾರಿ ತಂದವು, 1927ರಿಂದ ಬಾಷ್ ಕಂಪನಿ ಸಣ್ಣ ಇಂಜೆಕ್ಷನ್ ಪಂಪುಗಳನ್ನು ಸಾಲಾಗಿ ತಯಾರಿಸಿತು. ಬೆಟ್ಟಗಳ ದೇಶ ಸ್ವಿಟ್ಜರ್ಲೆಂಡಿನ ಸೌರರ್ ಕಂಪನಿ 1938ರಲ್ಲಿ ಟರ್ಬೊ ಇರುವ ಡೀಸೆಲ್ ಲಾರಿಯನ್ನು ತಂದಿತು. ನಮ್ಮಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಆರಂಭವಾಗಿ, ಮುಂದೆ ಮೈಕೋ ಪಂಪು ಎಂಬುದು ಪ್ರತಿ ಗ್ಯಾರೇಜಿನ ಮಾತಾಯಿತು. 1954ರಲ್ಲಿ ಜಮ್‌ಷೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳು ಹೊರಟವು.

ಶೆಡ್ಡಿನಲ್ಲಿ ಕಂಡದ್ದು

ಮಾವನ ಶೆಡ್ಡಿನಲ್ಲಿದ್ದದ್ದು ಅಂಥ ವಂಶದ ಆರು ಸಿಲಿಂಡರಿನ ಎಂಜಿನ್. ಲಾರಿ ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಎಂಜಿನ್ನನ್ನು ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ ಸ್ಪ್ರಿಂಕ್ಲರ್ ಪಂಪಿಗೆ ಜೋಡಿಸಿದ್ದರು. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಹಳ್ಳದಿಂದ ಮೇಲಿನ ತೋಟಕ್ಕೆ ಹಗಲು ರಾತ್ರಿ ನೀರು ಒತ್ತಬೇಕು. ಆ ಕೆಲವು ದಿನ ಎಂಜಿನ್ ಕೈಕೊಟ್ಟರೆ ವರ್ಷದ ಫಸಲೇ ಹೋಗುತ್ತದೆ. ಇದು ಕಪ್ಪು ಹೊಗೆ ಉಗುಳುತ್ತ ಎಣ್ಣೆ ಕುಡಿಯುತ್ತಿತ್ತು. ಎತ್ತರದ ಪ್ರದೇಶದಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಪ್ರತಿ ನೂರು ಮೀಟರಿಗೆ ಸುಮಾರು ನೂರಕ್ಕೆ ಒಂದರಂತೆ ಬಲ ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದ ನಮ್ಮ ತೋಟಗಳಲ್ಲಿ ಹತ್ತನೆಯ ಒಂದು ಪಾಲು ಹೋದಂತೆಯೇ.

ಚೈನ್ ಬ್ಲಾಕಿನಲ್ಲಿ ಎತ್ತಿ, ಹೆಡ್ಡು ಬಿಚ್ಚಿ, ಪಿಸ್ಟನ್ ತೆಗೆದಾಗ ಲೈನರುಗಳ ಮೇಲ್ಭಾಗದಲ್ಲಿ ಉಗುರಿಗೆ ಸಿಕ್ಕುವಷ್ಟು ಸವೆತದ ಅಂಚು ಕಂಡಿತು. ಲೈನರನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆದು ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ. ಕ್ರ್ಯಾಂಕ್ ಗ್ರೈಂಡಿಂಗ್, ವಾಲ್ವ್ ಸೀಟು ಕೊರೆಯುವುದು, ಹೆಡ್ಡಿನ ಮೈ ಮಟ್ಟ ಮಾಡುವುದು ಮನೆಯಲ್ಲಿ ಆಗದ ಕೆಲಸಗಳು. ಅವು ಪಟ್ಟಣದ ಲೇತ್ ಅಂಗಡಿಗೆ ಹೋದವು. ಪಂಪು ಮತ್ತು ನಾಝಲ್ಲುಗಳು ಪಂಪಿನ ಅಂಗಡಿಯ ಟೆಸ್ಟ್ ಬೆಂಚಿಗೆ ಹೋದವು. ಕ್ರ್ಯಾಂಕ್ ಕಾಲು ಮಿಲಿಮೀಟರ್ ಸಣ್ಣದಾಗಿ ಬಂತು, ಅದಕ್ಕೆ ತಕ್ಕ ಬೇರಿಂಗ್ ತಂದದ್ದಾಯಿತು. ಹೊಸ ಲೈನರ್, ಪಿಸ್ಟನ್, ರಿಂಗುಗಳು. ರಿಂಗುಗಳ ಸಂದು ಒಂದೇ ಸಾಲಿಗೆ ಬರದಂತೆ ತಿರುಗಿಸಿಡುವುದು. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ, ಟಾರ್ಕ್ ವ್ರೆಂಚಿನಿಂದ ಬಿಗಿಯುವುದು. ಗಾಳಿ ಸೋರದೆ ಒತ್ತಿಸಿಕೊಂಡರೆ ಮಾತ್ರ ಎಣ್ಣೆ ಹೊತ್ತಿಕೊಳ್ಳುತ್ತದೆ. ಸಾಮಾನ್ಯ ಲಾರಿ ಎಂಜಿನ್ನಿನಲ್ಲಿ ಗಾಳಿ ಹದಿನಾರು ಹದಿನೇಳರಲ್ಲಿ ಒಂದು ಪಾಲಿಗೆ ಕುಗ್ಗಬೇಕು. ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್‌ನ ವರ್ಷಗಳನ್ನು ತಿಂದದ್ದು ಇದೇ ರಿಂಗು, ಪ್ಯಾಕಿಂಗು, ಸೋರಿಕೆಯ ಜಗಳ.

ಟರ್ಬೊ ಕೂರಿಸುವಾಗ ಮಾವ ಹಿಡಿದ ಲಗಾಮು ನನಗೆ ಇಷ್ಟವಾಯಿತು. ಟರ್ಬೊಗೆಂದೇ ಮಾಡಿದ ಎಂಜಿನ್ನಿನ ಪಿಸ್ಟನ್ ಬೇರೆ, ಅದಕ್ಕೆ ಕೆಳಗಿನಿಂದ ತಂಪು ಆಯಿಲ್ ಚಿಮ್ಮುವ ಏರ್ಪಾಡು ಬೇರೆ. ಹಳೆಯ ಎಂಜಿನ್ನಿಗೆ ಒಂದೇ ಸಲ ಹೆಚ್ಚು ಒತ್ತಡ ಕೊಟ್ಟರೆ ಹೆಡ್ ಪ್ಯಾಕಿಂಗು ಹಾರುತ್ತದೆ, ಪಿಸ್ಟನ್ ಕರಗುತ್ತದೆ. ಅದಕ್ಕೆ ಅರ್ಧ ಕೆಜಿ ಒತ್ತಡದ ಒಳಗೇ ನಿಲ್ಲಿಸಿದರು. ಗಾಳಿ ಹೆಚ್ಚಿದ ಮಾತ್ರಕ್ಕೆ ಬಲ ಬರುವುದಿಲ್ಲ. ಪಂಪಿನಲ್ಲಿ ಎಣ್ಣೆಯನ್ನೂ ಏರಿಸಬೇಕು. ಎಣ್ಣೆ ಏರಿದಂತೆ ಹೊಗೆಯ ಶಾಖ ಏರುತ್ತದೆ. ಹೊಗೆಕೊಳವೆಗೆ ಶಾಖದ ಮೀಟರ್ ಹಾಕಿ, ಅದನ್ನು ನೋಡುತ್ತ ಸ್ವಲ್ಪಸ್ವಲ್ಪವೇ ಏರಿಸಿದರು. ಟರ್ಬೊದ ದಂಡ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು, ಸಣ್ಣದಾದರೆ ಲಕ್ಷ ಸುತ್ತು ತಿರುಗುವಂಥದ್ದು. ಆಯಿಲಿನ ಪದರದ ಮೇಲೆ ತೇಲುತ್ತದೆ. ಅದಕ್ಕೆ ಆಯಿಲ್ ಕೊಡುವ ಪೈಪು ಸ್ವಚ್ಛವಾಗಿರಬೇಕು, ವಾಪಸು ಬರುವ ಪೈಪು ದಪ್ಪಗಿದ್ದು ನೇರ ಇಳಿಜಾರಾಗಿ ಸಂಪಿಗೆ ಇಳಿಯಬೇಕು. ನಿಲ್ಲಿಸುವ ಮೊದಲು ಎರಡು ಮೂರು ನಿಮಿಷ ಐಡ್ಲಿಂಗಿನಲ್ಲಿ ಬಿಡಬೇಕು, ಇಲ್ಲವಾದರೆ ಬಿಸಿಗೆ ಆಯಿಲ್ ಅಲ್ಲೇ ಸುಟ್ಟು ಬೇರಿಂಗ್ ಹಾಳು. ಇನ್ನೊಂದು ಮಾತು: ಇದು ತೋಟದ ಪಂಪಿನ ಎಂಜಿನ್. ರಸ್ತೆಯ ವಾಹನಕ್ಕೆ ಹೀಗೆ ಮಾಡಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಮನಬಂದಂತೆ ಮಾರ್ಪಾಡು ಮಾಡುವುದನ್ನು ತಡೆಯುತ್ತದೆ.

ಆ ಬೇಸಿಗೆ ಎಂಜಿನ್ ಶುರುವಾದಾಗ ಹೊಗೆ ತಿಳಿಯಾಗಿತ್ತು. ಮೇಲಿನ ತೋಟದ ಕೊನೆಯ ಸ್ಪ್ರಿಂಕ್ಲರ್ ಕೂಡ ಚೆನ್ನಾಗಿ ತಿರುಗಿತು.

ತಮ್ಮ ತಂಗಿಯರಿಗೆ

ರುಡಾಲ್ಫ್ ಶಾಖದ ಲೆಕ್ಕವನ್ನು ಜಗತ್ತಿಗೆ ಕಲಿಸಿದ, ಆದರೆ ತನ್ನ ಹಣದ ಲೆಕ್ಕವನ್ನೂ ಮನಸ್ಸಿನ ದಣಿವನ್ನೂ ಸಕಾಲದಲ್ಲಿ ಯಾರೊಡನೆಯೂ ಹಂಚಿಕೊಳ್ಳಲಿಲ್ಲ. ಓದಿನಲ್ಲಿ ಮುಂದಿರುವ ಮಕ್ಕಳು ಇದನ್ನು ಗಮನಿಸಬೇಕು. ಕಷ್ಟ ಬಂದಾಗ ಮನೆಯವರಿಗೆ, ಗೆಳೆಯರಿಗೆ, ಮೇಷ್ಟ್ರಿಗೆ ಬಾಯಿಬಿಟ್ಟು ಹೇಳುವುದು ಸೋಲಲ್ಲ. ಆತ ತನ್ನ ಎಂಜಿನ್ನನ್ನು ಪೂರ್ತಿ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಬ್ಯೂಖಿ ಬಂದ, ಬಾಷ್ ಬಂದ, ಬೆಂಗಳೂರಿನ ಕಾರ್ಖಾನೆಯ ಕೆಲಸಗಾರರು ಬಂದರು, ಶೆಡ್ಡಿನಲ್ಲಿ ಅಳತೆ ಬರೆದುಕೊಳ್ಳುವವರೂ ಬಂದರು.

ಕೊನೆಗೆ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಮ್ಮ ಭಾಗದ ಶೆಡ್ಡುಗಳಲ್ಲಿ ಕೆಟ್ಟು ನಿಂತ ಎಂಜಿನ್ನುಗಳು ವರ್ಷವರ್ಷವೂ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಅವುಗಳಲ್ಲಿ ಒಂದನ್ನು ತಂದು, ಅಡ್ಡಕ್ಕೆ ಸೀಳಿಸಿ, ಒಳಗಿನ ಪಿಸ್ಟನ್ ವಾಲ್ವು ಕಾಣುವಂತೆ ಬಣ್ಣ ಬಳಿದು ಶಾಲೆಯ ವಿಜ್ಞಾನ ಕೊಠಡಿಯಲ್ಲಿಡೋಣ. ಪಕ್ಕದಲ್ಲಿ ಒಂದು ಹಳೆಯ ಟರ್ಬೊ, ಒಂದು ಸೈಕಲ್ ಪಂಪು. ಪ್ಯಾರಿಸ್ಸಿನ ಸಂಗ್ರಹಾಲಯದಲ್ಲಿ ಕೈಗಾಡಿಯ ಹುಡುಗ ನೋಡಿದಂತೆ, ನಮ್ಮ ಮಕ್ಕಳೂ ಹತ್ತಿರ ನಿಂತು ಮುಟ್ಟಿ ನೋಡಲಿ. ಈ ಕೆಲಸದ ಖರ್ಚಿನಲ್ಲಿ ನನ್ನ ಪಾಲನ್ನು ಕೊಡಲು ನಾನು ಸಿದ್ಧನಿದ್ದೇನೆ.